ಇಕಾಲಜಿ ಮತ್ತು ಜೀವವಿಕಾಸ ವಿಜ್ಞಾನಿಗಳ ಶ್ರೇಯಾಂಕ ಪಟ್ಟಿಯನ್ನು ಓದುವುದು ಹೇಗೆ

ಪ್ರತಿ ವರ್ಷ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ, ವಿಶ್ವದ ಶೇ 2ರಷ್ಟು ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ಇಂಥ ಕಾಲೇಜಿನ ಪ್ರಾಧ್ಯಾಪಕರು ಸ್ಥಾನ ಪಡೆದಿದ್ದಾರೆ ಎಂಬ ಸುದ್ದಿ, ಶಾಲು ಹೊದಿಸಿದ ಚಿತ್ರದೊಂದಿಗೆ ಕಾಣಿಸಿಕೊಳ್ಳುತ್ತದೆ. ನವೆಂಬರಿನಲ್ಲಿ ಇನ್ನೊಂದು ಸಂಸ್ಥೆಯ ಪಟ್ಟಿ ಹೊರಬೀಳುತ್ತದೆ. ಅದರಲ್ಲಿರುವ ಹೆಸರುಗಳೇ ಬೇರೆ. ಮೂರನೆಯ ಪಟ್ಟಿಯನ್ನು ತೆರೆದರೆ ಮೊದಲ ಎರಡರಲ್ಲಿ ಇಲ್ಲದವರು ಅಲ್ಲಿ ಮೇಲಿನ ಸಾಲಿನಲ್ಲಿರುತ್ತಾರೆ. ಒಂದೇ ಕ್ಷೇತ್ರದ ಒಂದೇ ತಲೆಮಾರಿನ ವಿಜ್ಞಾನಿಗಳನ್ನು ಅಳೆದ ಮೂರು ಪಟ್ಟಿಗಳು ಹೀಗೆ ಮೂರು ದಿಕ್ಕು ಹಿಡಿಯುವುದಕ್ಕೆ ಕಾರಣ ಮೋಸವಲ್ಲ. ಅವು ಅಳೆಯುತ್ತಿರುವ ವಸ್ತುಗಳೇ ಬೇರೆ ಬೇರೆ. ಸಂಶೋಧನೆಗೆ ಮಾರ್ಗದರ್ಶಕರನ್ನು ಹುಡುಕುತ್ತಿರುವ ವಿದ್ಯಾರ್ಥಿಗೆ, ಸುದ್ದಿ ಬರೆಯಬೇಕಾದ ವರದಿಗಾರರಿಗೆ ಮತ್ತು ಆಯ್ಕೆ ಸಮಿತಿಯಲ್ಲಿ ಕೂರುವ ಅಧ್ಯಾಪಕರಿಗೆ ಇಂಥ ಪಟ್ಟಿಯೊಂದು ಕೈಗೆ ಬಂದಾಗ ಅದನ್ನು ಯಾವ ಕ್ರಮದಲ್ಲಿ ಬಿಡಿಸಿ ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗೆ ಇಕಾಲಜಿ (ಜೀವಿಗಳಿಗೂ ಅವುಗಳ ಸುತ್ತಣ ಲೋಕಕ್ಕೂ ಇರುವ ನಂಟಿನ ಅಧ್ಯಯನ) ಮತ್ತು ಜೀವವಿಕಾಸದ ಕ್ಷೇತ್ರವನ್ನೇ ಆರಿಸಿಕೊಂಡಿದ್ದೇನೆ, ಏಕೆಂದರೆ ಎಣಿಕೆಯ ಎಲ್ಲ ತೊಡಕುಗಳೂ ಈ ಕ್ಷೇತ್ರದಲ್ಲಿ ಒಟ್ಟಿಗೆ ಸಿಗುತ್ತವೆ.

ಪಟ್ಟಿ ಯಾರದು, ಅದಕ್ಕೆ ಆಧಾರ ಯಾವುದು

ಮೊದಲ ಕೆಲಸ, ಪಟ್ಟಿಯನ್ನು ಸಿದ್ಧಪಡಿಸಿದವರು ಯಾರು ಮತ್ತು ಅವರು ಯಾವ ದತ್ತಾಂಶ ಕೋಶವನ್ನು ನೆಚ್ಚಿಕೊಂಡಿದ್ದಾರೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳುವುದು. ಒಂದು ಪ್ರಬಂಧವನ್ನು ಇನ್ನೊಂದು ಪ್ರಬಂಧ ತನ್ನ ಆಕರಪಟ್ಟಿಯಲ್ಲಿ ಹೆಸರಿಸುವುದನ್ನು ‘ಉಲ್ಲೇಖ’ ಎನ್ನುತ್ತೇವೆ. ಇಂದಿನ ಬಹುತೇಕ ಶ್ರೇಯಾಂಕಗಳು ಈ ಉಲ್ಲೇಖಗಳ ಎಣಿಕೆಯ ಮೇಲೆಯೇ ನಿಂತಿವೆ. ಇಂಥ ಎಣಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿದವರು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್. ಅವರ ಸೈನ್ಸ್ ಸೈಟೇಷನ್ ಇಂಡೆಕ್ಸ್ 1964ರಲ್ಲಿ ಹೊರಬಂತು, ಅದೇ ಮುಂದೆ ಬೆಳೆದು ಇಂದಿನ ವೆಬ್ ಆಫ್ ಸೈನ್ಸ್ ಆಯಿತು. ಎಲ್ಸೆವಿಯರ್ ಪ್ರಕಾಶನದ ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಎಂಬ ಇನ್ನೆರಡು ಕೋಶಗಳು 2004ರಲ್ಲಿ ಬಂದವು.

ಪತ್ರಿಕೆಗಳು ‘ಸ್ಟ್ಯಾನ್‌ಫರ್ಡ್ ಪಟ್ಟಿ’ ಎಂದು ಕರೆಯುವುದು ವಾಸ್ತವವಾಗಿ ಜಾನ್ ಅಯೊನಿಡಿಸ್ ಮತ್ತು ಅವರ ಸಹೋದ್ಯೋಗಿಗಳು ಸ್ಕೋಪಸ್‌ನ ದತ್ತಾಂಶದಿಂದ ತಯಾರಿಸುವ ಕೋಷ್ಟಕ. ಅಯೊನಿಡಿಸ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಎಂಬುದು ನಿಜವಾದರೂ, ವಿಶ್ವವಿದ್ಯಾಲಯವು ಸಮಿತಿ ರಚಿಸಿ ವಿಜ್ಞಾನಿಗಳನ್ನು ಆಯ್ದು ಗೌರವಿಸುವ ಕ್ರಮ ಅದಲ್ಲ; ಗಣಕದ ಎಣಿಕೆ ಮಾತ್ರ. ನವೆಂಬರಿನಲ್ಲಿ ಬರುವ ‘ಹೈಲಿ ಸೈಟೆಡ್ ರಿಸರ್ಚರ್ಸ್’ ಪಟ್ಟಿ ಕ್ಲಾರಿವೇಟ್ ಕಂಪನಿಯದು, ಅದರ ಆಧಾರ ವೆಬ್ ಆಫ್ ಸೈನ್ಸ್. ಇವೆರಡರ ಜೊತೆಗೆ ರಿಸರ್ಚ್.ಕಾಮ್ ಎಂಬ ತಾಣವು ಇಕಾಲಜಿ ಮತ್ತು ವಿಕಾಸವನ್ನು ಒಂದೇ ಕ್ಷೇತ್ರವೆಂದು ಹಿಡಿದು, ‘ಡಿ-ಸೂಚ್ಯಂಕ’ ಎಂದು ತಾನೇ ಹೆಸರಿಟ್ಟ ಅಳತೆಯಿಂದ ವಿಜ್ಞಾನಿಗಳನ್ನು ಸಾಲಾಗಿ ನಿಲ್ಲಿಸುತ್ತದೆ. ವಿಜ್ಞಾನಿಯ ಎಲ್ಲ ಪ್ರಬಂಧಗಳನ್ನೂ ಪರಿಗಣಿಸದೆ ಆ ಕ್ಷೇತ್ರಕ್ಕೆ ಸೇರಿದವನ್ನಷ್ಟೇ ಆರಿಸಿ ತೆಗೆದ ಎಚ್-ಸೂಚ್ಯಂಕವೇ ಡಿ-ಸೂಚ್ಯಂಕ. ಹಾಗಾಗಿ ಎಚ್-ಸೂಚ್ಯಂಕ ಅರ್ಥವಾಗದೆ ಯಾವ ಪಟ್ಟಿಯೂ ಅರ್ಥವಾಗುವುದಿಲ್ಲ.

ಎಚ್-ಸೂಚ್ಯಂಕವನ್ನು ಕೈಯಲ್ಲೇ ಲೆಕ್ಕ ಹಾಕುವುದು

ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಈ ಸೂಚ್ಯಂಕವನ್ನು ಮುಂದಿಟ್ಟರು. ಇದನ್ನು ಗಣಕದ ಸಹಾಯವಿಲ್ಲದೆ ಲೆಕ್ಕ ಹಾಕಬಹುದು. ಒಮ್ಮೆಯಾದರೂ ಹಾಗೆ ಹಾಕಿ ನೋಡಿದವರಿಗೆ ಅದರ ಬಲವೂ ದೌರ್ಬಲ್ಯವೂ ತಾನಾಗಿ ತಿಳಿಯುತ್ತದೆ. ಒಬ್ಬ ವಿಜ್ಞಾನಿಯ ಒಂಬತ್ತು ಪ್ರಬಂಧಗಳಿಗೆ ಸಿಕ್ಕಿರುವ ಉಲ್ಲೇಖಗಳು ಕ್ರಮವಾಗಿ 120, 45, 30, 12, 8, 6, 5, 2, 1 ಎಂದಿಟ್ಟುಕೊಳ್ಳೋಣ. ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೆದು ಪಕ್ಕದಲ್ಲಿ 1, 2, 3 ಎಂದು ಕ್ರಮಸಂಖ್ಯೆ ಹಾಕುತ್ತಾ ಹೋಗಬೇಕು. ಆರನೆಯ ಪ್ರಬಂಧಕ್ಕೆ 6 ಉಲ್ಲೇಖಗಳಿವೆ, ಅಂದರೆ ಅದು ಕ್ರಮಸಂಖ್ಯೆಯಷ್ಟಾದರೂ ಇದೆ. ಏಳನೆಯದಕ್ಕೆ 5 ಮಾತ್ರ ಇರುವುದರಿಂದ ಅದು ಕ್ರಮಸಂಖ್ಯೆಗಿಂತ ಕೆಳಗೆ ಜಾರಿದೆ. ಆದ್ದರಿಂದ ಈ ವಿಜ್ಞಾನಿಯ ಎಚ್-ಸೂಚ್ಯಂಕ 6, ಅಂದರೆ ತಲಾ ಆರಾದರೂ ಉಲ್ಲೇಖ ಪಡೆದ ಆರು ಪ್ರಬಂಧಗಳು ಅವರಿಗಿವೆ.

ಈಗ ಮೊದಲ ಪ್ರಬಂಧದ 120ನ್ನು ಅಳಿಸಿ ಅಲ್ಲಿ 12,000 ಎಂದು ಬರೆಯಿರಿ. ಸೂಚ್ಯಂಕ ಆಗಲೂ 6 ಆಗಿಯೇ ಉಳಿಯುತ್ತದೆ. ವಿಕಾಸ ವಿಜ್ಞಾನದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ, ಏಕೆಂದರೆ ಈ ಕ್ಷೇತ್ರದ ದಿಕ್ಕು ಬದಲಿಸಿದವರಲ್ಲಿ ಕೆಲವರು ಬರೆದದ್ದೇ ಕಡಿಮೆ. ಜೀವಿಗಳು ತಮ್ಮ ನಂಟರಿಗಾಗಿ ತ್ಯಾಗ ಮಾಡುವುದು ವಿಕಾಸದಲ್ಲಿ ಹೇಗೆ ಸಾಧ್ಯವಾಯಿತು ಎಂಬುದನ್ನು ಗಣಿತದಿಂದ ತೋರಿಸಿದ ವಿಲಿಯಂ ಹ್ಯಾಮಿಲ್ಟನ್ ಅವರ 1964ರ ಎರಡು ಭಾಗಗಳ ಪ್ರಬಂಧ ಎಚ್-ಸೂಚ್ಯಂಕದ ಎಣಿಕೆಯಲ್ಲಿ ಎರಡೇ ಎರಡು ಮೆಟ್ಟಿಲು. ಅವರ ಸಮಕಾಲೀನ ಜಾರ್ಜ್ ಪ್ರೈಸ್ ಅವರ ಸ್ಥಿತಿ ಇದಕ್ಕಿಂತ ವಿಚಿತ್ರ. ಆಯ್ಕೆಯ ಗಣಿತವನ್ನು ಒಂದು ಸಮೀಕರಣಕ್ಕೆ ಇಳಿಸಿದ 1970ರ ಪ್ರಬಂಧ ಮತ್ತು ಜಾನ್ ಮೇನಾರ್ಡ್ ಸ್ಮಿತ್ ಅವರೊಂದಿಗೆ ಪ್ರಾಣಿಗಳ ಕಾಳಗವನ್ನು ಕುರಿತು ಬರೆದ 1973ರ ಪ್ರಬಂಧ ಇಂದಿಗೂ ಪಾಠವಾಗಿ ಉಳಿದಿವೆ. ಆದರೆ ವಿಕಾಸದ ಬಗ್ಗೆ ಅವರು ಬರೆದ ಪ್ರಬಂಧಗಳು ಬೆರಳೆಣಿಕೆಯಷ್ಟು. ಎಷ್ಟೇ ಉಲ್ಲೇಖ ಬಂದರೂ ಎಚ್-ಸೂಚ್ಯಂಕ ಪ್ರಬಂಧಗಳ ಸಂಖ್ಯೆಯನ್ನು ಮೀರಲಾರದು. ಸಾಧಾರಣ ಪ್ರಬಂಧಗಳನ್ನು ಬಿಡದೆ ಬರೆಯುತ್ತಾ ಹೋದವರು ಯಾವುದೇ ವಿಭಾಗದಲ್ಲಿ ಪ್ರೈಸ್ ಅವರನ್ನು ಹಿಂದಿಕ್ಕುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡೇ ಈ ಅಂಕಿಯನ್ನು ಬಳಸಬೇಕು.

ಇನ್ನೊಂದು ಗುಣವನ್ನೂ ಗಮನಿಸಿ. ಈ ಸೂಚ್ಯಂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ನಿವೃತ್ತರಾಗಿ ಮನೆಯಲ್ಲಿ ಕುಳಿತವರದೂ ಏರುತ್ತಲೇ ಇರುತ್ತದೆ. ಆದ್ದರಿಂದ ಮೂವತ್ತೈದು ವರ್ಷದ ಸಂಶೋಧಕಿಯನ್ನೂ ಅರವತ್ತೈದರ ಹಿರಿಯರನ್ನೂ ಇದೇ ಅಂಕಿಯಿಂದ ಹೋಲಿಸುವುದು ನ್ಯಾಯವಲ್ಲ. ಮೊದಲ ಪ್ರಬಂಧ ಪ್ರಕಟವಾದಾಗಿನಿಂದ ಕಳೆದ ವರ್ಷಗಳಿಂದ ಸೂಚ್ಯಂಕವನ್ನು ಭಾಗಿಸುವುದು ಹಿರ್ಷ್ ಅವರೇ ಸೂಚಿಸಿದ ಪರಿಹಾರ. ಅದನ್ನು ಬಳಸುವಾಗಲೂ ಹೆರಿಗೆ, ಕಾಯಿಲೆ ಮುಂತಾದ ಕಾರಣಗಳಿಂದ ಕೆಲಸಕ್ಕೆ ಬಿಡುವು ಬಿದ್ದ ವರ್ಷಗಳನ್ನು ಕಳೆದು ಭಾಗಿಸುವುದು ಸರಿಯಾದ ಕ್ರಮ.

ಅಂಕಿಯ ಪಕ್ಕದಲ್ಲಿ ಅದು ಯಾವ ಕೋಶದಿಂದ ಬಂದದ್ದು ಎಂಬುದನ್ನು ಬರೆಯದಿದ್ದರೆ ಅದಕ್ಕೆ ಅರ್ಥವಿಲ್ಲ. ಗೂಗಲ್ ಸ್ಕಾಲರ್ ಪಿಎಚ್.ಡಿ. ಮಹಾಪ್ರಬಂಧ, ವರದಿ, ಪುಸ್ತಕ, ಇನ್ನೂ ವಿಮರ್ಶೆಗೆ ಒಳಪಡದ ಕರಡು ಪ್ರಬಂಧ ಎಲ್ಲದರಿಂದಲೂ ಉಲ್ಲೇಖಗಳನ್ನು ಹೆಕ್ಕುತ್ತದೆ. ಉಳಿದೆರಡು ಕೋಶಗಳು ಮುಖ್ಯವಾಗಿ ತಾವು ಆರಿಸಿಕೊಂಡ ಜರ್ನಲ್‌ಗಳಿಗೆ ಸೀಮಿತವಾಗಿವೆ. ಹೀಗಾಗಿ ಒಬ್ಬರೇ ವಿಜ್ಞಾನಿಗೆ ಮೂರು ಎಚ್-ಸೂಚ್ಯಂಕಗಳಿರುತ್ತವೆ, ಸಾಮಾನ್ಯವಾಗಿ ಗೂಗಲ್‌ನದೇ ದೊಡ್ಡದಾಗಿರುತ್ತದೆ. ಅರ್ಜಿಯಲ್ಲಿ ಒಬ್ಬರು ಗೂಗಲ್ ಅಂಕಿಯನ್ನೂ ಇನ್ನೊಬ್ಬರು ಸ್ಕೋಪಸ್ ಅಂಕಿಯನ್ನೂ ಕೊಟ್ಟಿದ್ದರೆ ಅವೆರಡನ್ನು ಹೋಲಿಸುವುದು ಸೇರಿನಲ್ಲಿ ಅಳೆದ ಅಕ್ಕಿಯನ್ನು ಕಿಲೋದಲ್ಲಿ ತೂಗಿದ ಅಕ್ಕಿಯ ಪಕ್ಕದಲ್ಲಿಟ್ಟು ಯಾವುದು ಹೆಚ್ಚು ಎಂದು ಕೇಳಿದಂತೆ.

ಹೆಸರು ಒಂದೇ, ವ್ಯಕ್ತಿ ಒಬ್ಬರೇ?

ದಕ್ಷಿಣ ಭಾರತದ ವಿಜ್ಞಾನಿಗಳ ವಿಷಯದಲ್ಲಿ ಈ ಹಂತವನ್ನು ಎಂದೂ ಹಾರಿಸಬಾರದು. ಕೊನೆಯಲ್ಲಿ ಮನೆತನದ ಹೆಸರು ಇದ್ದೇ ಇರುತ್ತದೆ ಎಂದು ಎಣಿಸಿ ಕಟ್ಟಿದ ಕೋಶಗಳಿಗೆ ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು ಎಂಬ ನಮ್ಮ ಪದ್ಧತಿ ಹಿಡಿತಕ್ಕೆ ಸಿಗುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದು, ಕೆ.ಎನ್. ಗಣೇಶಯ್ಯ ಅವರೊಂದಿಗೆ ಸಸ್ಯಗಳ ವಿಕಾಸವನ್ನು ಕುರಿತು ದೀರ್ಘಕಾಲ ಕೆಲಸ ಮಾಡಿದ ಆರ್. ಉಮಾಶಂಕರ್ ಅವರ ಹೆಸರನ್ನು ನೋಡಿ. ಕೆಲವು ಪ್ರಬಂಧಗಳಲ್ಲಿ ‘ಉಮಾ ಶಂಕರ್’ ಪೂರ್ತಿಯಾಗಿ ಮನೆತನದ ಹೆಸರಿನ ಜಾಗದಲ್ಲಿ ಕೂತಿದ್ದರೆ, ಕೆಲವೆಡೆ ‘ಶಂಕರ್’ ಮಾತ್ರ ಅಲ್ಲಿ ಉಳಿದು ‘ಉಮಾ’ ಒಂದು ಮೊದಲಕ್ಷರವಾಗಿ ಕುಗ್ಗಿದೆ. ಗಣಕಕ್ಕೆ ಇವರು ಇಬ್ಬರು ವ್ಯಕ್ತಿಗಳಾಗಿ ಕಾಣುವುದು ಸಹಜ. ಇದಕ್ಕೆ ವಿರುದ್ಧವಾದ ತಪ್ಪೂ ಆಗುತ್ತದೆ: ಎಸ್. ಕುಮಾರ್ ಎಂಬ ಹೆಸರಿನಡಿ ಹತ್ತಾರು ಜನರ ಪ್ರಬಂಧಗಳು ಒಂದೇ ಗಂಟಿಗೆ ಸೇರಿ, ಕಪ್ಪೆಯ ಕೂಗಿನಿಂದ ಕಾಂಕ್ರೀಟಿನವರೆಗೆ ಎಲ್ಲವನ್ನೂ ಬಲ್ಲ ಮಹಾಪಂಡಿತರೊಬ್ಬರು ಸೃಷ್ಟಿಯಾಗುತ್ತಾರೆ.

ಆದುದರಿಂದ ಪಟ್ಟಿಯಲ್ಲಿ ಕಂಡ ವ್ಯಕ್ತಿಯ ಖಾತೆಯನ್ನು ತೆರೆದು, ಹೆಚ್ಚು ಉಲ್ಲೇಖ ಪಡೆದ ಮೊದಲ ಇಪ್ಪತ್ತು ಪ್ರಬಂಧಗಳ ಶೀರ್ಷಿಕೆ ಮತ್ತು ಸಂಸ್ಥೆಯ ಹೆಸರನ್ನು ಓದಬೇಕು. ಹೊಂದದ ವಿಷಯಗಳು ಕಂಡರೆ ಅಂಕಿಯನ್ನು ಬದಿಗಿಡಬೇಕು. 2012ರಲ್ಲಿ ಆರಂಭವಾದ ಆರ್ಕಿಡ್ ಎಂಬ ವ್ಯವಸ್ಥೆ ಪ್ರತಿ ಸಂಶೋಧಕರಿಗೂ 16 ಸ್ಥಾನಗಳ ಗುರುತಿನ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ. ವಿಜ್ಞಾನಿಯ ಆರ್ಕಿಡ್ ಪುಟವಿದ್ದು ಅವರು ಅದನ್ನು ಕಾಲಕಾಲಕ್ಕೆ ತಿದ್ದುತ್ತಿದ್ದರೆ ಈ ಕೆಲಸ ಐದು ನಿಮಿಷದ್ದು.

ಅವರನ್ನು ಯಾರ ಪಕ್ಕದಲ್ಲಿ ನಿಲ್ಲಿಸಿದ್ದಾರೆ

ಜೀವಿಗಳಿಗೂ ಅವುಗಳ ಸುತ್ತಣ ಲೋಕಕ್ಕೂ ಇರುವ ನಂಟನ್ನು ಅರಸುವ ಇಕಾಲಜಿಯನ್ನೂ, ನೀರು, ಗಾಳಿ, ಮಾಲಿನ್ಯಗಳನ್ನು ಅಳೆಯುವ ಶಾಸ್ತ್ರವನ್ನೂ ಕನ್ನಡದಲ್ಲಿ ನಾವು ‘ಪರಿಸರ ವಿಜ್ಞಾನ’ ಎಂದು ಒಂದೇ ಹೆಸರಿನಿಂದ ಕರೆದುಬಿಡುತ್ತೇವೆ. ಈ ಲೇಖನದಲ್ಲಿ ‘ಇಕಾಲಜಿ’ ಎಂದೇ ಬರೆಯುತ್ತಿರುವುದಕ್ಕೆ ಅದೇ ಕಾರಣ. ಕನ್ನಡದ ಈ ಗೊಂದಲ ಕ್ಲಾರಿವೇಟ್‌ನ ಪಟ್ಟಿಯಲ್ಲೂ ಇದೆ ಎಂದರೆ ಆಶ್ಚರ್ಯವಾಗಬಹುದು. ಅದು ಇಡೀ ವಿಜ್ಞಾನವನ್ನು ಸುಮಾರು ಇಪ್ಪತ್ತು ದೊಡ್ಡ ವಿಭಾಗಗಳಾಗಿ ಒಡೆಯುತ್ತದೆ, ಅವುಗಳಲ್ಲಿ ಒಂದು ‘ಪರಿಸರ ಮತ್ತು ಇಕಾಲಜಿ’. ಕೊಳಚೆ ನೀರಿನ ಶುದ್ಧೀಕರಣದ ತಜ್ಞರೂ ಕಾಡಿನ ಹಕ್ಕಿಗಳ ತಜ್ಞರೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲಬೇಕು. ವಿಕಾಸ ವಿಜ್ಞಾನಕ್ಕೆ ಪ್ರತ್ಯೇಕ ವಿಭಾಗವೇ ಇಲ್ಲದಿರುವುದರಿಂದ ಆ ವಿಜ್ಞಾನಿಗಳ ಪ್ರಬಂಧಗಳು ಸಸ್ಯ–ಪ್ರಾಣಿ ವಿಜ್ಞಾನ, ಅಣುಜೀವವಿಜ್ಞಾನ ಮುಂತಾದ ವಿಭಾಗಗಳಲ್ಲಿ ಹಂಚಿಹೋಗುತ್ತವೆ. ಯಾವ ವಿಭಾಗದಲ್ಲೂ ಸಾಕಷ್ಟು ಪ್ರಬಂಧಗಳು ಒಟ್ಟಾಗದೆ ಹೊರಗುಳಿಯುವವರಿಗಾಗಿ 2018ರಿಂದ ‘ಅಂತರ್‌ಕ್ಷೇತ್ರ’ ಎಂಬ ವಿಭಾಗವನ್ನು ಸೇರಿಸಲಾಯಿತು.

ಅಯೊನಿಡಿಸ್ ಪಟ್ಟಿಯ ವಿಂಗಡಣೆ ಇದಕ್ಕಿಂತ ಸೂಕ್ಷ್ಮವಾದದ್ದು. ಅಲ್ಲಿ ನೂರ ಎಪ್ಪತ್ತಕ್ಕೂ ಹೆಚ್ಚು ಉಪಕ್ಷೇತ್ರಗಳಿವೆ. ಇಕಾಲಜಿ, ವಿಕಾಸ ಜೀವವಿಜ್ಞಾನ, ಪಕ್ಷಿವಿಜ್ಞಾನ, ಕೀಟವಿಜ್ಞಾನ, ಪ್ರಾಣಿವಿಜ್ಞಾನ, ಸಸ್ಯವಿಜ್ಞಾನ ಇವೆಲ್ಲ ಬೇರೆ ಬೇರೆ. ಇದರಲ್ಲೂ ಒಂದು ಎಡವಟ್ಟಿದೆ: ಜೇನುನೊಣಗಳ ಸಾಮಾಜಿಕ ವಿಕಾಸವನ್ನು ಅಧ್ಯಯನ ಮಾಡುವವರು ಕೀಟನಾಶಕಗಳನ್ನು ಪರೀಕ್ಷಿಸುವವರ ಜೊತೆಗೆ ಕೀಟವಿಜ್ಞಾನದ ಸಾಲಿನಲ್ಲಿ ಕೂರಬೇಕಾಗಬಹುದು. ಉಪಕ್ಷೇತ್ರವನ್ನು ನಿರ್ಧರಿಸುವುದು ಅವರ ಪ್ರಬಂಧಗಳಲ್ಲಿ ಹೆಚ್ಚಿನವು ಯಾವ ಗುಂಪಿಗೆ ಬೀಳುತ್ತವೆ ಎಂಬ ಎಣಿಕೆ. ವಿಜ್ಞಾನಿಯನ್ನು ಯಾರೂ ಕೇಳುವುದಿಲ್ಲ. ಶ್ರೇಯಾಂಕವನ್ನು ಓದುವಾಗ ‘ಎಷ್ಟನೆಯವರು’ ಎಂಬುದಕ್ಕಿಂತ ಮೊದಲು ‘ಎಷ್ಟು ಜನರಲ್ಲಿ, ಎಂಥವರ ನಡುವೆ’ ಎಂಬುದನ್ನು ನೋಡಬೇಕಾದದ್ದು ಇದಕ್ಕಾಗಿ. ಅಯೊನಿಡಿಸ್ ಕೋಷ್ಟಕದಲ್ಲಿ ಉಪಕ್ಷೇತ್ರದ ಒಟ್ಟು ಲೇಖಕರ ಸಂಖ್ಯೆಯೂ ಅದರೊಳಗಿನ ಸ್ಥಾನವೂ ಪ್ರತ್ಯೇಕ ಕಂಬಗಳಲ್ಲಿ ಸಿಗುತ್ತವೆ. ಎಲ್ಲ ಕ್ಷೇತ್ರಗಳನ್ನೂ ಕಲಸಿ ಕೊಟ್ಟ ಒಟ್ಟು ಸ್ಥಾನವನ್ನು ಬಿಟ್ಟು ನೀವು ಈ ಎರಡು ಕಂಬಗಳನ್ನೇ ಓದುವುದು ಒಳ್ಳೆಯದು. ವೈದ್ಯಕೀಯದಲ್ಲಿ ಉಲ್ಲೇಖಗಳು ಮಳೆಯಂತೆ ಸುರಿಯುತ್ತವೆ, ಸೈದ್ಧಾಂತಿಕ ವಿಕಾಸ ವಿಜ್ಞಾನದಲ್ಲಿ ತೊಟ್ಟಿಕ್ಕುತ್ತವೆ.

ಆರು ಅಂಶಗಳ ಅಂಕ

ಇದೇ ಕೋಷ್ಟಕದಲ್ಲಿ ಶ್ರೇಯಾಂಕವನ್ನು ತೀರ್ಮಾನಿಸುವುದು ‘ಸಿ-ಅಂಕ’. ಅದರಲ್ಲಿ ಆರು ಅಂಶಗಳು ಸೇರುತ್ತವೆ. ಒಟ್ಟು ಉಲ್ಲೇಖ ಮತ್ತು ಎಚ್-ಸೂಚ್ಯಂಕ ಮೊದಲೆರಡು. ಮೂರನೆಯದು ಸಹಲೇಖಕರ ಸಂಖ್ಯೆಗೆ ತಕ್ಕಂತೆ ತಗ್ಗಿಸಿದ ಎಚ್-ಸೂಚ್ಯಂಕ. ಉಳಿದ ಮೂರು, ಏಕೈಕ ಲೇಖಕರಾಗಿ ಬರೆದ ಪ್ರಬಂಧಗಳಿಗೆ ಬಂದ ಉಲ್ಲೇಖ. ಏಕೈಕ ಅಥವಾ ಮೊದಲ ಲೇಖಕರಾಗಿ ಬರೆದವಕ್ಕೆ ಬಂದದ್ದು. ಏಕೈಕ, ಮೊದಲ ಅಥವಾ ಕೊನೆಯ ಲೇಖಕರಾಗಿ ಬರೆದವಕ್ಕೆ ಬಂದದ್ದು. ಪ್ರತಿಯೊಂದು ಅಂಶವನ್ನೂ ಲಾಗರಿದಮ್‌ಗೆ ಇಳಿಸಿ, ಆ ಅಂಶದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಪಡೆದವರ ಲಾಗರಿದಮ್‌ನಿಂದ ಭಾಗಿಸಲಾಗುತ್ತದೆ. ಹೀಗೆ ಪ್ರತಿ ಅಂಶಕ್ಕೂ ಗರಿಷ್ಠ ಒಂದು, ಎಲ್ಲ ಸೇರಿ ಗರಿಷ್ಠ ಆರು ಅಂಕ.

ಲಾಗರಿದಮ್ ಏನು ಮಾಡುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ: ಗರಿಷ್ಠ ಎಚ್-ಸೂಚ್ಯಂಕ 200 ಎಂದು ಹಿಡಿದರೆ, 30 ಇರುವವರಿಗೆ ಈ ಅಂಶದಲ್ಲಿ ಸುಮಾರು 0.65 ಸಿಗುತ್ತದೆ, 60 ಇರುವವರಿಗೆ ಸುಮಾರು 0.78. ಸೂಚ್ಯಂಕ ಇಮ್ಮಡಿಯಾದರೂ ಅಂಕ ಹೆಚ್ಚಿದ್ದು 0.13 ಮಾತ್ರ. ಅಂಕಗಳು ಹೀಗೆ ಒತ್ತೊತ್ತಾಗಿ ಕೂರುವುದರಿಂದ ನೂರನೆಯ ಸ್ಥಾನಕ್ಕೂ ನೂರೈವತ್ತನೆಯ ಸ್ಥಾನಕ್ಕೂ ಇರುವ ಅಂತರ ಬಹಳ ಸಲ ಕೂದಲೆಳೆಯಷ್ಟೇ. ಕಳೆದ ವರ್ಷಕ್ಕಿಂತ ಇಪ್ಪತ್ತು ಸ್ಥಾನ ಮೇಲೇರಿದರು ಎಂಬ ಮಾತನ್ನು ಸಾಧನೆಯೆಂದು ಬರೆಯಲು ಅಲ್ಲಿ ಆಧಾರವಿಲ್ಲ.

ಮೂರನೆಯ ಅಂಶ ಇಕಾಲಜಿಗೆ ವಿಶೇಷವಾಗಿ ಮುಖ್ಯ. ಸಾಮಾನ್ಯ ಎಚ್-ಸೂಚ್ಯಂಕದಲ್ಲಿ ಪ್ರತಿ ಪ್ರಬಂಧಕ್ಕೂ ಕ್ರಮಸಂಖ್ಯೆ ಒಂದೊಂದಾಗಿ ಏರಿದರೆ, ಇಲ್ಲಿ ಐದು ಲೇಖಕರಿರುವ ಪ್ರಬಂಧಕ್ಕೆ ಐದನೆಯ ಒಂದು ಭಾಗದಷ್ಟೇ ಏರುತ್ತದೆ. ತಲಾ ಐದು ಲೇಖಕರಿರುವ, ತಲಾ 20 ಉಲ್ಲೇಖ ಪಡೆದ ಹತ್ತು ಪ್ರಬಂಧಗಳಿದ್ದರೆ ಎಚ್-ಸೂಚ್ಯಂಕ 10, ತಗ್ಗಿಸಿದ ಸೂಚ್ಯಂಕ 2. ಖಂಡಖಂಡಗಳ ಕಾಡಿನ ಮಾಹಿತಿಯನ್ನು ಒಟ್ಟುಗೂಡಿಸುವ ಪ್ರಬಂಧಗಳಲ್ಲಿ ನೂರಾರು ಲೇಖಕರಿರುವುದು ಈಗ ಸಾಮಾನ್ಯವಾಗಿದೆ. ಮಧ್ಯದ ಹೆಸರುಗಳು ಎಷ್ಟೋ ಸಲ ಅಕ್ಷರಾನುಕ್ರಮದಲ್ಲಿರುತ್ತವೆ. ತಮ್ಮ ಹತ್ತು ವರ್ಷಗಳ ಕ್ಷೇತ್ರಕಾರ್ಯದ ಮಾಹಿತಿಯನ್ನು ಕೊಟ್ಟವರೂ ಒಂದು ಕರಡನ್ನು ಓದಿ ಒಪ್ಪಿಗೆ ಸೂಚಿಸಿದವರೂ ಅಲ್ಲಿ ಅಕ್ಕಪಕ್ಕದಲ್ಲಿ ಕೂತಿರಬಹುದು. ಎಚ್-ಸೂಚ್ಯಂಕ ಬಹಳ ಹೆಚ್ಚಾಗಿದ್ದು ತಗ್ಗಿಸಿದ ಸೂಚ್ಯಂಕ ತೀರಾ ಕಡಿಮೆಯಿದ್ದರೆ, ಪ್ರಬಂಧದ ಕೊನೆಯಲ್ಲಿ ಯಾರು ಏನು ಮಾಡಿದರು ಎಂದು ತಿಳಿಸುವ ಟಿಪ್ಪಣಿಯನ್ನು ಓದದೆ ಮುಂದೆ ಹೋಗಬೇಡಿ.

ಇನ್ನೆರಡು ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಈ ಪಟ್ಟಿ ಪ್ರತಿ ವರ್ಷ ಇಡೀ ವೃತ್ತಿಜೀವನದ ಕೋಷ್ಟಕವಾಗಿಯೂ, ಒಂದೇ ವರ್ಷದಲ್ಲಿ ಬಂದ ಉಲ್ಲೇಖಗಳ ಕೋಷ್ಟಕವಾಗಿಯೂ ಎರಡು ರೂಪದಲ್ಲಿ ಬರುತ್ತದೆ. ಸುದ್ದಿಯಲ್ಲಿ ಯಾವುದೆಂದು ಬರೆದಿರುವುದಿಲ್ಲ, ನೀವೇ ತೆಗೆದು ನೋಡಬೇಕು. ವೃತ್ತಿಜೀವನದ ಕೋಷ್ಟಕವೂ 1996ರಿಂದ ಈಚೆಗೆ ಬಂದ ಉಲ್ಲೇಖಗಳನ್ನಷ್ಟೇ ಎಣಿಸುವುದರಿಂದ, ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ಬಿಸಿಬಿಸಿಯಾಗಿ ಚರ್ಚೆಯಾದ ಕೆಲಸದ ಆ ಕಾಲದ ಉಲ್ಲೇಖಗಳು ಅದರಲ್ಲಿ ಸೇರಿಲ್ಲ.

ಸ್ವ-ಉಲ್ಲೇಖವನ್ನು ಸೇರಿಸಿದ ಮತ್ತು ಬಿಟ್ಟ ಎರಡೂ ಅಂಕಿಗಳು ಕೋಷ್ಟಕದಲ್ಲಿ ಇರುತ್ತವೆ. ಎರಡರ ನಡುವೆ ದೊಡ್ಡ ಅಂತರ ಕಂಡಾಕ್ಷಣ ಅನುಮಾನಪಡುವುದು ಸರಿಯಲ್ಲ. ಒಂದೇ ಜಾತಿಯ ಕಣಜವನ್ನೋ ಒಂದೇ ದ್ವೀಪದ ಹಕ್ಕಿಯನ್ನೋ ದಶಕಗಟ್ಟಲೆ ಹಿಂಬಾಲಿಸಿದವರು ತಮ್ಮ ಹಿಂದಿನ ಪ್ರಬಂಧಗಳನ್ನು ಹೆಸರಿಸದೆ ಮುಂದಿನದನ್ನು ಬರೆಯಲು ಆಗುವುದಿಲ್ಲ, ಆ ಜಾತಿಯ ಬಗ್ಗೆ ಬರೆದವರು ಬೇರೆ ಯಾರೂ ಇರುವುದಿಲ್ಲ. ಆದರೆ ಅಂತರದ ಹಿಂದೆ ವರ್ಷಕ್ಕೆ ಐವತ್ತು ಅರವತ್ತು ಪ್ರಬಂಧಗಳೂ ಇದ್ದರೆ ಅನುಮಾನಕ್ಕೆ ಜಾಗವಿದೆ. ಉಲ್ಲೇಖಗಳನ್ನು ಕೃತಕವಾಗಿ ಉಬ್ಬಿಸುವುದು ಊಹೆಯ ಮಾತಲ್ಲ. ಕ್ಲಾರಿವೇಟ್ 2023ರಲ್ಲಿ ಇದೇ ಕಾರಣಕ್ಕೆ ಗಣಿತ ವಿಭಾಗವನ್ನೇ ತನ್ನ ಪಟ್ಟಿಯಿಂದ ಕೈಬಿಟ್ಟಿತು.

ಯಾವ ಬಗೆಯ ಪ್ರಬಂಧ ಅಂಕ ತಂದಿತು

ಹೆಚ್ಚು ಉಲ್ಲೇಖ ಪಡೆದ ಐದು ಪ್ರಬಂಧಗಳನ್ನು ತೆಗೆದು, ಅವು ಹೊಸ ಸಂಗತಿಯನ್ನು ಕಂಡುಹಿಡಿದವೇ, ಉಪಕರಣವನ್ನು ಒದಗಿಸಿದವೇ, ಇತರರ ಕೆಲಸದ ಅವಲೋಕನವೇ ಎಂದು ಪಕ್ಕದಲ್ಲಿ ಗುರುತು ಹಾಕಿ. ವಂಶವೃಕ್ಷ ಕಟ್ಟಲು ಸೈಟೌ ಮತ್ತು ಮಸತೋಶಿ ನೇಯಿ 1987ರಲ್ಲಿ ಕೊಟ್ಟ ವಿಧಾನ ಹಾಗೂ ಆ ವೃಕ್ಷದ ಕೊಂಬೆಗಳನ್ನು ಎಷ್ಟು ನಂಬಬಹುದು ಎಂದು ಅಳೆಯಲು ಜೋಸೆಫ್ ಫೆಲ್ಸೆನ್‌ಸ್ಟೈನ್ 1985ರಲ್ಲಿ ಸೂಚಿಸಿದ ದಾರಿ, ಎಲ್ಲ ವಿಜ್ಞಾನಗಳನ್ನೂ ಸೇರಿಸಿದರೂ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧಗಳ ಸಾಲಿಗೆ ಸೇರುತ್ತವೆ. ಇಕಾಲಜಿಯವರು ದಿನನಿತ್ಯ ಬಳಸುವ ಸಂಖ್ಯಾಶಾಸ್ತ್ರದ ‘ಎಲ್ಎಂಇ4’ ತಂತ್ರಾಂಶವನ್ನು ಪರಿಚಯಿಸಿದ 2015ರ ಪ್ರಬಂಧವನ್ನು ಹತ್ತಾರು ಸಾವಿರ ಜನ ಉಲ್ಲೇಖಿಸಿದ್ದಾರೆ. ಇವುಗಳ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ. ನೇಗಿಲು ಮಾಡಿದವನಿಗೂ ಬೆಳೆ ಬೆಳೆದವನಿಗೂ ಒಂದೇ ಅಳತೆಗೋಲು ಹಿಡಿಯುತ್ತಿದ್ದೇವೆ ಎಂಬ ಎಚ್ಚರ ಮಾತ್ರ ಬೇಕು. ನಾರ್ಮನ್ ಮೈಯರ್ಸ್ ಮತ್ತು ಸಂಗಡಿಗರು 2000ದಲ್ಲಿ ಶ್ರೀಲಂಕಾ ಸಹಿತವಾದ ನಮ್ಮ ಪಶ್ಚಿಮ ಘಟ್ಟವನ್ನೂ ಸೇರಿಸಿ 25 ಜೀವವೈವಿಧ್ಯ ತಾಣಗಳನ್ನು ಗುರುತಿಸಿದ ಪ್ರಬಂಧವೂ ಹೀಗೆಯೇ: ಘಟ್ಟದ ಬಗ್ಗೆ ಬರೆಯುವ ಬಹಳಷ್ಟು ಪ್ರಬಂಧಗಳು ಮೊದಲ ಸಾಲಿನಲ್ಲೇ ಅದನ್ನು ನೆನೆಯುತ್ತವೆ.

ಎಣಿಕೆಗೆ ಸಿಕ್ಕದ ಕೆಲಸ

ಪಟ್ಟಿಯನ್ನು ಓದುವವರು ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಹೊಸ ಕಪ್ಪೆಯೋ ಸಸ್ಯವೋ ಪತ್ತೆಯಾದಾಗ ಅದಕ್ಕೆ ಹೆಸರಿಟ್ಟವರ ಹೆಸರು ಆ ಜೀವಿಯ ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ಶಾಶ್ವತವಾಗಿ ಕೂರುತ್ತದೆ. ಮುಂದೆ ಆ ಜೀವಿಯ ಬಗ್ಗೆ ಬರೆಯುವವರಲ್ಲಿ ಅನೇಕರು ಆ ಹೆಸರನ್ನು ಹಾಗೆಯೇ ಬಳಸುತ್ತಾರೆ. ಆದರೆ ಮೂಲ ಪ್ರಬಂಧವನ್ನು ಆಕರಪಟ್ಟಿಗೆ ಸೇರಿಸುವ ರೂಢಿ ಬಹುತೇಕ ಇಲ್ಲ. ಗಣಕ ಎಣಿಸುವುದು ಆಕರಪಟ್ಟಿಯನ್ನು ಮಾತ್ರ. ಜೀವಿಗಳನ್ನು ಗುರುತಿಸಿ ವರ್ಗೀಕರಿಸುವವರು ಇಡೀ ಇಕಾಲಜಿಗೆ ನೆಲಗಟ್ಟು ಹಾಕಿಯೂ ಪಟ್ಟಿಯ ತಳದಲ್ಲಿ ಉಳಿಯುವುದು ಹೀಗೆ.

ಎರಡನೆಯ ಸೋರಿಕೆ ಇನ್ನೂ ಗುಟ್ಟಾದದ್ದು. ನೂರಾರು ಕ್ಷೇತ್ರ ಅಧ್ಯಯನಗಳ ಮಾಹಿತಿಯನ್ನು ಒಟ್ಟು ಮಾಡಿ ಬರೆಯುವ ದೊಡ್ಡ ಪ್ರಬಂಧಗಳು ಜಾಗದ ಅಭಾವದಿಂದ ಆ ಅಧ್ಯಯನಗಳ ಹೆಸರುಗಳನ್ನು ಅನುಬಂಧಕ್ಕೆ ದೂಡುತ್ತವೆ, ಅನುಬಂಧದ ಪಟ್ಟಿಯನ್ನು ಕೋಶಗಳು ಸಾಮಾನ್ಯವಾಗಿ ಎಣಿಸುವುದಿಲ್ಲ. ಕಾಡಿನಲ್ಲಿ ಮರಗಳನ್ನು ಅಳೆದವರ ಉಲ್ಲೇಖ ಹೀಗೆ ಮಾಯವಾಗಿ, ಒಟ್ಟು ಮಾಡಿದವರ ಉಲ್ಲೇಖ ಉಳಿಯುತ್ತದೆ.

ಕಾಲದ ಅಳತೆಯೂ ಈ ಕ್ಷೇತ್ರದಲ್ಲಿ ಬೇರೆ. ಪೀಟರ್ ಮತ್ತು ರೋಸ್ಮರಿ ಗ್ರ್ಯಾಂಟ್ ದಂಪತಿ ಗಲಾಪಗೋಸ್‌ನ ಡ್ಯಾಫ್ನೆ ಮೇಜರ್ ದ್ವೀಪದಲ್ಲಿ 1973ರಿಂದ ನಾಲ್ಕು ದಶಕಗಳ ಕಾಲ ಫಿಂಚ್ ಹಕ್ಕಿಗಳ ಕೊಕ್ಕನ್ನು ಅಳೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುದುಮಲೆಯ ಕಾಡಿನಲ್ಲಿ 1988ರಲ್ಲಿ ಗುರುತಿಸಿದ 50 ಹೆಕ್ಟೇರ್ ತಾಕಿನ ಮರಗಳನ್ನು ಇಂದಿಗೂ ಹಿಂಬಾಲಿಸಲಾಗುತ್ತಿದೆ. ಒಂದು ವರ್ಷದ ಕೋಷ್ಟಕವಾಗಲಿ, ಹಿಂದಿನ ಹನ್ನೊಂದು ವರ್ಷಗಳ ಪ್ರಬಂಧಗಳನ್ನಷ್ಟೇ ನೋಡುವ ಕ್ಲಾರಿವೇಟ್‌ನ ಕಿಂಡಿಯಾಗಲಿ ಇಂಥ ಕೆಲಸದ ಆರಂಭದ ದಿನಗಳಲ್ಲಿ ಏನನ್ನೂ ಕಾಣಲಾರದು.

ಮಾಧವ ಗಾಡ್ಗೀಳ್ ಅವರ ಉದಾಹರಣೆಯಲ್ಲಿ ಈ ಎಲ್ಲ ಎಳೆಗಳೂ ಸೇರುತ್ತವೆ. ವಿಲಿಯಂ ಬೊಸರ್ಟ್ ಅವರೊಂದಿಗೆ 1970ರಲ್ಲಿ ಬರೆದ, ಜೀವಿಗಳು ತಮ್ಮ ಶಕ್ತಿಯನ್ನು ಬದುಕುವುದಕ್ಕೂ ಸಂತಾನಕ್ಕೂ ಹೇಗೆ ಹಂಚಿಕೊಳ್ಳುತ್ತವೆ ಎಂಬ ಸೈದ್ಧಾಂತಿಕ ಪ್ರಬಂಧವನ್ನು ಕೋಶಗಳು ಚೆನ್ನಾಗಿಯೇ ಎಣಿಸುತ್ತವೆ. 1983ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಕಾಲಜಿಯ ಕೇಂದ್ರವನ್ನು ಕಟ್ಟಿ ಒಂದು ತಲೆಮಾರಿನ ಸಂಶೋಧಕರನ್ನು ಬೆಳೆಸಿದ್ದಕ್ಕೆ ಯಾವ ಕಂಬದಲ್ಲೂ ಅಂಕವಿಲ್ಲ. ಅವರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ಕೇಂದ್ರ ಸರ್ಕಾರಕ್ಕೆ ಒಪ್ಪಿಸಿದ ಪಶ್ಚಿಮ ಘಟ್ಟದ ವರದಿ ಆರು ರಾಜ್ಯಗಳಲ್ಲಿ ಚರ್ಚೆಯಾಯಿತು, ಮಲೆನಾಡಿನ ಗ್ರಾಮಸಭೆಗಳಲ್ಲಿ ಜಗಳಕ್ಕೂ ಕಾರಣವಾಯಿತು. ಅದು ಜರ್ನಲ್ ಪ್ರಬಂಧವಲ್ಲದ ಕಾರಣ ಸ್ಕೋಪಸ್‌ನ ಲೆಕ್ಕಕ್ಕೆ ಸೇರಿದ್ದಲ್ಲ. ಆದರೆ 2015ರಲ್ಲಿ ಜೇನ್ ಲುಬ್ಚೆಂಕೊ ಅವರೊಂದಿಗೆ ಗಾಡ್ಗೀಳರಿಗೆ ಟೈಲರ್ ಪ್ರಶಸ್ತಿ ಬಂದಾಗ ಆಯ್ಕೆಗಾರರು ನೋಡಿದ್ದು ಈ ಎಣಿಕೆಗೆ ಸಿಕ್ಕದ ಭಾಗವನ್ನೂ ಸೇರಿಸಿಯೇ.

ಆದ್ದರಿಂದ ಎಣಿಕೆಯ ಪಟ್ಟಿಯ ಪಕ್ಕದಲ್ಲಿ ಸಹೋದ್ಯೋಗಿಗಳ ತೀರ್ಪನ್ನೂ ಇಟ್ಟು ನೋಡಿ. ನೊಬೆಲ್ ಪ್ರಶಸ್ತಿಯಲ್ಲಿ ಈ ಕ್ಷೇತ್ರಕ್ಕೆ ವಿಭಾಗವಿಲ್ಲ. ಸ್ವೀಡನ್ನಿನ ಕ್ರಾಫೋರ್ಡ್ ಪ್ರಶಸ್ತಿಯ ಜೀವವಿಜ್ಞಾನ ವಿಭಾಗ ಆ ಸ್ಥಾನವನ್ನು ಬಹುಮಟ್ಟಿಗೆ ತುಂಬುತ್ತದೆ: 1993ರಲ್ಲಿ ಹ್ಯಾಮಿಲ್ಟನ್, 1996ರಲ್ಲಿ ರಾಬರ್ಟ್ ಮೇ, 1999ರಲ್ಲಿ ಅರ್ನ್ಸ್ಟ್ ಮೈಯರ್, ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ವಿಲಿಯಮ್ಸ್, 2015ರಲ್ಲಿ ರಿಚರ್ಡ್ ಲೆವೊಂಟಿನ್ ಮತ್ತು ತೊಮೊಕೊ ಓಹ್ತಾ ಅದನ್ನು ಪಡೆದರು. ಈ ಹೆಸರುಗಳನ್ನು ಯಾವುದಾದರೂ ಉಲ್ಲೇಖ ಪಟ್ಟಿಯಲ್ಲಿ ಹುಡುಕಿ ಸ್ಥಾನವನ್ನು ಗುರುತು ಮಾಡಿಕೊಂಡರೆ ಎಣಿಕೆ ಮತ್ತು ತೀರ್ಪು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ತೀರ್ಪಿಗೂ ಅದರದೇ ಪಕ್ಷಪಾತಗಳಿವೆ ಎಂಬುದನ್ನು ಮೇಲಿನ ಹೆಸರುಗಳ ಸಾಲೇ ಹೇಳುತ್ತದೆ. ಪ್ರಶಸ್ತಿ ಬಂದಾಗ ಯುರೋಪು ಮತ್ತು ಅಮೆರಿಕದ ಹೊರಗೆ ಇದ್ದವರು ಅಲ್ಲಿ ಜಪಾನಿನ ಓಹ್ತಾ ಒಬ್ಬರೇ, ಮಹಿಳೆಯೂ ಅವರೊಬ್ಬರೇ.

ಆಯ್ಕೆ ಸಮಿತಿಗಳಿಗೆ ಈ ವಿಷಯದಲ್ಲಿ ಲಿಖಿತ ಆಧಾರವೂ ಇದೆ. 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಸಂಶೋಧನಾ ಮೌಲ್ಯಮಾಪನ ಘೋಷಣೆಯು, ಜರ್ನಲಿನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳಿಗೆ ಬರುವ ಸರಾಸರಿ ಉಲ್ಲೇಖ) ನೋಡಿ ವ್ಯಕ್ತಿಯ ಯೋಗ್ಯತೆಯನ್ನು ತೀರ್ಮಾನಿಸಬಾರದು ಎನ್ನುತ್ತದೆ. 2015ರ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಮೊದಲನೆಯದು, ಅಂಕಿಗಳು ತಜ್ಞರ ತೀರ್ಪಿಗೆ ನೆರವಾಗಬೇಕು ಎಂಬುದು. ಮೂರನೆಯದು, ಸ್ಥಳೀಯ ಮಹತ್ವದ ಸಂಶೋಧನೆಯ ಶ್ರೇಷ್ಠತೆಯನ್ನು ಕಾಪಾಡಬೇಕು ಎಂಬುದು. ಸಭೆಯಲ್ಲಿ ಯಾರಾದರೂ ಸ್ಥಾನವನ್ನಷ್ಟೇ ಓದಿ ಮುಗಿಸಲು ಹೊರಟರೆ ಈ ಎರಡನ್ನು ಮೇಜಿನ ಮೇಲಿಡಬಹುದು.

ಬರೆದು ತಿಳಿಸುವಾಗ

ವಿದ್ಯಾರ್ಥಿಗೆ ಶ್ರೇಯಾಂಕದ ಉಪಯೋಗ ಸೀಮಿತ. ಮಾರ್ಗದರ್ಶಕರ ಸ್ಥಾನಕ್ಕಿಂತ, ಅವರ ಹಿಂದಿನ ವಿದ್ಯಾರ್ಥಿಗಳ ಹೆಸರು ಮೊದಲ ಲೇಖಕರಾಗಿ ಎಷ್ಟು ಪ್ರಬಂಧಗಳಲ್ಲಿದೆ, ಪಿಎಚ್.ಡಿ. ಮುಗಿಸಲು ಅವರಿಗೆ ಎಷ್ಟು ವರ್ಷ ಹಿಡಿಯಿತು ಎಂಬುದನ್ನು ನೋಡುವುದು ಹೆಚ್ಚು ಫಲಕಾರಿ. ಇದು ಯಾವ ಕೋಷ್ಟಕದಲ್ಲೂ ಇಲ್ಲ, ಪ್ರಯೋಗಾಲಯದ ಪುಟ ಮತ್ತು ಹಳೆಯ ವಿದ್ಯಾರ್ಥಿಗಳ ಮಾತಿನಿಂದ ಸಿಗುತ್ತದೆ.

ವರದಿಗಾರರು ‘ವಿಶ್ವದ ಶ್ರೇಷ್ಠ ವಿಜ್ಞಾನಿ’ ಎಂಬ ಮಾತನ್ನು ಬಿಟ್ಟು, ಪಟ್ಟಿಯ ಹೆಸರು, ವರ್ಷ, ಕೋಶ, ವೃತ್ತಿಜೀವನದ್ದೋ ಒಂದು ವರ್ಷದ್ದೋ ಎಂಬುದು, ಉಪಕ್ಷೇತ್ರ, ಅದರಲ್ಲಿರುವ ಒಟ್ಟು ಲೇಖಕರು ಮತ್ತು ಅವರಲ್ಲಿ ಸ್ಥಾನ ಇಷ್ಟನ್ನು ಒಂದೇ ವಾಕ್ಯದಲ್ಲಿ ಕೊಡಬಹುದು: ‘ಸ್ಕೋಪಸ್ ದತ್ತಾಂಶದ ಮೇಲೆ ಅಯೊನಿಡಿಸ್ ತಂಡವು ಈ ವರ್ಷ ಪ್ರಕಟಿಸಿದ ಒಂದು ವರ್ಷದ ಕೋಷ್ಟಕದಲ್ಲಿ, ಇಕಾಲಜಿ ಉಪಕ್ಷೇತ್ರದ ಇಷ್ಟು ಸಾವಿರ ಲೇಖಕರ ಪೈಕಿ ಇವರು ಇಷ್ಟನೆಯವರು.’ ಅದರ ಮುಂದಿನ ವಾಕ್ಯದಲ್ಲಿ ಅವರು ಅಧ್ಯಯನ ಮಾಡಿದ ಜೀವಿ ಯಾವುದು, ಯಾವ ಕಾಡಿನಲ್ಲಿ, ಏನನ್ನು ಕಂಡುಕೊಂಡರು ಎಂಬುದನ್ನು ಬರೆಯಿರಿ; ಅದನ್ನು ಬರೆಯಲು ಪಟ್ಟಿಯನ್ನು ಮುಚ್ಚಿ ಅವರ ಒಂದು ಪ್ರಬಂಧವನ್ನಾದರೂ ತೆರೆಯಬೇಕಾಗುತ್ತದೆ.